ದಪ್ಪ ಕುಂಚದ ಕನ್ನಡ ಫಾಂಟ್ ಕೈಕೊಟ್ಟಾಗ: ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಕುಂಚದಲ್ಲಿ ಬಳಿದಂತೆ ಕಾಣುವ ದಪ್ಪ ಅಕ್ಷರ ಪೋಸ್ಟರಿಗೆ, ಅಂಗಡಿ ಬೋರ್ಡಿಗೆ, ಟಿ-ಶರ್ಟಿಗೆ, ಜಾತ್ರೆಯ ಬ್ಯಾನರಿಗೆ ಹೇಳಿ ಮಾಡಿಸಿದ್ದು. ಸಾದಾ ಫಾಂಟಿನಲ್ಲಿ ಕಣ್ಣಿಗೆ ಬೀಳದ ತಪ್ಪು ಇದರಲ್ಲಿ ಎದ್ದು ಕಾಣುತ್ತದೆ. ಒತ್ತು ಕಳಚಿ ಬೀಳುತ್ತದೆ, ‘ಮಠ’ ಹೋಗಿ ‘ಮರ’ ಆಗುತ್ತದೆ, ನಡುವೆ ಒಂದಕ್ಷರ ಮಾತ್ರ ತೆಳ್ಳಗಾಗುತ್ತದೆ, ಕತ್ತರಿಸುವ ಯಂತ್ರ ಅಕ್ಷರದ ಹೊಟ್ಟೆಗೇ ಬ್ಲೇಡು ಹಾಕುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಫಾಂಟ್ ಬದಲಿಸುವುದು. ಅದು ತಪ್ಪು ದಾರಿ. ದೋಷ ನಾಲ್ಕು ಕಡೆ ಇರಬಹುದು: ಟೈಪ್ ಆದ ಪಠ್ಯದಲ್ಲಿ, ಅದನ್ನು ಜೋಡಿಸುವ ತಂತ್ರಾಂಶದಲ್ಲಿ, ಫಾಂಟ್ ಕಡತದಲ್ಲಿ, ಕೊನೆಗೆ ಮುದ್ರಿಸುವ ಅಥವಾ ಕತ್ತರಿಸುವ ಹಂತದಲ್ಲಿ. ಎಲ್ಲಿದೆ ಎಂದು ತಿಳಿಯದೆ ಫಾಂಟ್ ಬದಲಿಸಿದರೆ ಅದೇ ತೊಂದರೆ ಹೊಸ ಫಾಂಟಿನಲ್ಲೂ ಬರುತ್ತದೆ.

ಮೊದಲು ಐದು ನಿಮಿಷದ ಪರೀಕ್ಷೆ

ಈ ಸಾಲನ್ನು ಒಂದು ಸಾದಾ ಪಠ್ಯ ಕಡತದಲ್ಲಿ ಉಳಿಸಿಕೊಳ್ಳಿ:

ಸ್ತ್ರೀ ರಾಷ್ಟ್ರ ಕ್ಷೌರ ಜ್ಞಾನ ಧರ್ಮ ಕರ್ನಾಟಕ ರ‍್ಯಾಂಕ್ ರಾಜ್‌ಕುಮಾರ್ ಪುಟ ಹೂವು ಮಠ ಮರ ದನ ಧನ ಕಥೆ ಫಲ ಕೃಷಿ ಬೆಂಗಳೂರು ₹1250 ೧೨೫೦

ಇದನ್ನು ಮೊದಲು ನಿಮ್ಮ ಕುಂಚದ ಫಾಂಟ್ ಹಾಕಿ ಬ್ರೌಸರಿನಲ್ಲಿ ತೆರೆದು ನೋಡಿ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಹಾರ್ಫ್‌ಬಜ್ ಎಂಬ ಜೋಡಣಾ ಯಂತ್ರವನ್ನು ಬಳಸುತ್ತವೆ. ಕನ್ನಡದ ಒತ್ತು, ಗುಣಿತಗಳನ್ನು ಅದು ಸರಿಯಾಗಿ ನಿಭಾಯಿಸುತ್ತದೆ. ನಿಮ್ಮ ಕುಂಚದ ಫಾಂಟಿನಲ್ಲಿ ಈ ಸಾಲು ಬ್ರೌಸರಿನಲ್ಲಿ ಸರಿಯಾಗಿ ಕಂಡು, ವಿನ್ಯಾಸದ ತಂತ್ರಾಂಶದಲ್ಲಿ ಮುರಿದರೆ, ದೋಷ ತಂತ್ರಾಂಶದ ಸೆಟ್ಟಿಂಗಿನದು. ಎರಡೂ ಕಡೆ ಮುರಿದರೆ ಫಾಂಟಿನದು. ಈ ಸಾಲು ಎರಡೂ ಕಡೆ ಸರಿಯಿದ್ದು ಗ್ರಾಹಕರು ಕಳಿಸಿದ ಪಠ್ಯ ಮಾತ್ರ ಕೆಟ್ಟಿದ್ದರೆ, ಆ ಪಠ್ಯವೇ ತಪ್ಪಾಗಿ ಟೈಪ್ ಆಗಿದೆ. ಪರದೆಯ ಮೇಲೆ ಎಲ್ಲ ಸರಿಯಿದ್ದು ಕಾಗದ, ಬಟ್ಟೆ, ಸ್ಟಿಕ್ಕರಿನಲ್ಲಿ ಕೆಟ್ಟರೆ ಕೊನೆಯ ಹಂತ ನೋಡಬೇಕು.

ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ

ಪಠ್ಯ ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿಯ ಆಸ್ಕಿ ಸಂಕೇತದಲ್ಲಿದೆ. ಆ ವ್ಯವಸ್ಥೆಯಲ್ಲಿ ಕನ್ನಡದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂತಿರುತ್ತವೆ. ಆ ಫಾಂಟ್ ತೆಗೆದ ಕೂಡಲೇ ಒಳಗಿರುವ ಇಂಗ್ಲಿಷ್ ಅಕ್ಷರಗಳು ಹೊರಬರುತ್ತವೆ. ಯೂನಿಕೋಡ್ ಕುಂಚದ ಫಾಂಟ್ ಹಾಕಿ ಇದನ್ನು ಸರಿಪಡಿಸಲಾಗದು, ಪಠ್ಯವನ್ನೇ ಪರಿವರ್ತಿಸಬೇಕು. ನುಡಿ ಮತ್ತು ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಯಾವ ಸಂಕೇತದ್ದೆಂದು ಸರಿಯಾಗಿ ಆರಿಸಿ, ಏಕೆಂದರೆ ಶ್ರೀಲಿಪಿಯ ಪಠ್ಯವನ್ನು ನುಡಿಯ ಪರಿವರ್ತಕಕ್ಕೆ ಕೊಟ್ಟರೆ ಅರೆಬರೆ ಕನ್ನಡ ಬರುತ್ತದೆ. ಅದು ಪೂರ್ತಿ ಕೆಟ್ಟಿದ್ದಕ್ಕಿಂತ ಅಪಾಯಕಾರಿ, ತಪ್ಪು ಕಣ್ಣಿಗೆ ಬೀಳದೆ ಮುದ್ರಣಕ್ಕೆ ಹೋಗಿಬಿಡುತ್ತದೆ.

ಪರಿವರ್ತನೆ ಮುಗಿದ ಮೇಲೆ ಎರಡು ಕಳ್ಳರನ್ನು ಹುಡುಕಲೇಬೇಕು. ಒಂದು, ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಕೂತಿರುವುದು: ‘ಬೆಂಗಳೂರು’ ಹೋಗಿ ‘ಬೆ೦ಗಳೂರು’. ಇನ್ನೊಂದು, ಅರ್ಕಾವತ್ತಿನ ಬದಲು ಒಂಬತ್ತರ ಅಂಕಿ: ‘ಕರ್ನಾಟಕ’ ಹೋಗಿ ‘ಕನಾ೯ಟಕ’. ಸಾದಾ ಫಾಂಟಿನಲ್ಲಿ ವ್ಯತ್ಯಾಸ ಕೂದಲೆಳೆಯಷ್ಟು. ಕುಂಚದ ಫಾಂಟಿನಲ್ಲಿ ಅಂಕಿಗಳು ಬೇರೆ ಎತ್ತರ, ಬೇರೆ ಓರೆಯಲ್ಲಿ ಇರುವುದರಿಂದ ಸೊನ್ನೆ ಉಬ್ಬಿ ನಿಲ್ಲುತ್ತದೆ. ಫಾಂಟಿನಲ್ಲಿ ಕನ್ನಡ ಅಂಕಿಯೇ ಇಲ್ಲದಿದ್ದರೆ ಆ ಜಾಗಕ್ಕೆ ಬೇರೆ ಫಾಂಟ್ ನುಗ್ಗುತ್ತದೆ. ಹುಡುಕು-ಬದಲಿಸು ಬಳಸಿ ಸೊನ್ನೆಯನ್ನು ಅನುಸ್ವಾರ ಮಾಡಿ, ಆದರೆ ನಿಜವಾದ ಕನ್ನಡ ಅಂಕಿಗಳಿರುವ ದಿನಾಂಕ, ಬೆಲೆಗಳನ್ನು ಬಿಟ್ಟು. ಅರ್ಕಾವತ್ತನ್ನು ಹೀಗೆ ಒಟ್ಟಾಗಿ ಬದಲಿಸಲು ಬಾರದು. ಪರದೆಯಲ್ಲಿ ಅಕ್ಷರದ ನಂತರ ಕಂಡರೂ ಟೈಪ್ ಮಾಡುವಾಗ ‘ರ್’ ಮೊದಲು ಬರುತ್ತದೆ. ಹಾಗಾಗಿ ಆ ಪದಗಳನ್ನು ಒಂದೊಂದಾಗಿ ಮತ್ತೆ ಹೊಡೆಯಿರಿ.

ಒತ್ತು ಕೆಳಗಿಳಿಯದೆ ಅಕ್ಷರದ ಪಕ್ಕ ನಿಂತಿದೆ, ಹಲಂತ ಕಾಣುತ್ತಿದೆ

‘ರಾಷ್ಟ್ರ’ ಎನ್ನುವುದು ‘ರಾಷ್‌ಟ್‌ರ’ ಎಂದು ಬಿಡಿಬಿಡಿಯಾಗಿ ಕಂಡರೆ, ನೂರಕ್ಕೆ ತೊಂಬತ್ತು ಸಲ ಜೋಡಣೆಯ ಸೆಟ್ಟಿಂಗ್ ಆರಿದೆ ಎಂದೇ ಅರ್ಥ. ಅಡೋಬಿ ತಂತ್ರಾಂಶಗಳು ಮೂಲತಃ ಲ್ಯಾಟಿನ್ ಲಿಪಿಗೆ ಹೊಂದಿಸಿದ ಜೋಡಣೆಯಲ್ಲಿ ತೆರೆದುಕೊಳ್ಳುತ್ತವೆ.

ಇಲ್ಲಸ್ಟ್ರೇಟರಿನಲ್ಲಿ ಪ್ರಿಫರೆನ್ಸಸ್, ಟೈಪ್‌ಗೆ ಹೋಗಿ ‘ಶೋ ಇಂಡಿಕ್ ಆಪ್ಷನ್ಸ್’ ಗುರುತು ಹಾಕಿ. ನಂತರ ಪ್ಯಾರಾಗ್ರಾಫ್ ಫಲಕದ ಮೂಲೆಯ ಮೆನುವಿನಲ್ಲಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಕಂಪೋಸರ್ ಆರಿಸಿ. ಇನ್‌ಡಿಸೈನಿನಲ್ಲಿ ಅದೇ ಫಲಕದ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಇದೆ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್, ಟೈಪ್, ಟೆಕ್ಸ್ಟ್ ಎಂಜಿನ್. ಪ್ರೀಮಿಯರ್ ಪ್ರೊದಲ್ಲಿ ಇದು ಗ್ರಾಫಿಕ್ಸ್ ವಿಭಾಗದಲ್ಲಿ ಅಡಗಿದೆ, ಆಫ್ಟರ್ ಎಫೆಕ್ಟ್ಸಿನಲ್ಲಿ ಟೈಪ್ ವಿಭಾಗದಲ್ಲಿ. ಆವೃತ್ತಿಯಿಂದ ಆವೃತ್ತಿಗೆ ಹೆಸರು ಬದಲಾಗಿದೆ, ‘ವರ್ಲ್ಡ್-ರೆಡಿ’ ಅಥವಾ ‘ಸೌತ್ ಏಷ್ಯನ್’ ಎಂಬ ಪದ ಹುಡುಕಿದರೆ ಸಿಗುತ್ತದೆ. ಮರೆಯಬಾರದ ಸಂಗತಿ: ಸೆಟ್ಟಿಂಗ್ ಬದಲಿಸಿದ್ದು ಈಗಾಗಲೇ ಬರೆದಿಟ್ಟ ಪಠ್ಯಕ್ಕೆ ತಾನಾಗಿ ತಗಲುವುದಿಲ್ಲ. ಆ ಪಠ್ಯವನ್ನು ಆಯ್ದು ಕಂಪೋಸರನ್ನು ಮತ್ತೆ ಕೊಡಬೇಕು, ಇಲ್ಲವೇ ಹೊಸ ಪಠ್ಯಪೆಟ್ಟಿಗೆ ತೆರೆದು ಅಂಟಿಸಬೇಕು. ‘ಸೆಟ್ಟಿಂಗ್ ಮಾಡಿದರೂ ಸರಿಹೋಗಲಿಲ್ಲ’ ಎಂಬ ದೂರಿನ ಕಾರಣ ಸಾಮಾನ್ಯವಾಗಿ ಇದೇ.

ಕೋರೆಲ್‌ಡ್ರಾದಲ್ಲಿ ಎಕ್ಸ್6ಕ್ಕಿಂತ ಹಳೆಯ ಆವೃತ್ತಿ ಬಳಸುತ್ತಿದ್ದರೆ ಹೊಸ ಓಪನ್‌ಟೈಪ್ ಕನ್ನಡವನ್ನು ಅದರಿಂದ ನಿರೀಕ್ಷಿಸಬೇಡಿ. ಇಂಕ್‌ಸ್ಕೇಪಿನಲ್ಲಿ ಪಠ್ಯ ಜೋಡಿಸಿ, ಆಕೃತಿಯಾಗಿ (ಅಂದರೆ ಫಾಂಟಿನ ಹಂಗಿಲ್ಲದ ಬರೀ ಗೆರೆಯ ಚಿತ್ರವಾಗಿ) ಪರಿವರ್ತಿಸಿ, ಪಿಡಿಎಫ್ ಅಥವಾ ಎಸ್‌ವಿಜಿಯಾಗಿ ಒಯ್ಯುವುದೇ ಸುಲಭ. ಇಂಕ್‌ಸ್ಕೇಪ್‌ಗೆ ಕನ್ನಡಕ್ಕಾಗಿ ಯಾವ ಸೆಟ್ಟಿಂಗೂ ಬೇಡ.

ಒಂದೇ ಒಂದು ಪದದಲ್ಲಿ ಮಾತ್ರ ಒತ್ತು ಒಡೆದಿದ್ದರೆ ಕಥೆ ಬೇರೆ. ಅಲ್ಲಿ ಕಣ್ಣಿಗೆ ಕಾಣದ ‘ಜೋಡಿಸಬೇಡ’ ಚಿಹ್ನೆ ಸೇರಿದೆ. ಇದರ ಯೂನಿಕೋಡ್ ಸಂಖ್ಯೆ 200ಸಿ, ದಶಮಾನದಲ್ಲಿ 8204. ‘ರಾಜ್‌ಕುಮಾರ್’ ಎಂದು ಬರೆಯಲು ಅದು ಬೇಕೇ ಬೇಕು, ಇಲ್ಲದಿದ್ದರೆ ‘ರಾಜ್ಕುಮಾರ್’ ಆಗುತ್ತದೆ. ‘ವಿಷ್ಣು’ವಿನ ನಡುವೆ ಅದು ಬಂದರೆ ‘ವಿಷ್‌ಣು’ ಆಗುತ್ತದೆ. ಒಡೆದ ಅಕ್ಷರವನ್ನು ಪೂರ್ತಿ ಅಳಿಸಿ ಮತ್ತೆ ಹೊಡೆದರೆ ಸಾಕು.

ಇದರ ಜೋಡಿ ಚಿಹ್ನೆ 200ಡಿ, ದಶಮಾನದಲ್ಲಿ 8205. ‘ರ‍್ಯಾಂಕ್’, ‘ರ‍್ಯಾಲಿ’ ಬರೆಯುವಾಗ ರಕಾರದ ನಂತರ, ಹಲಂತಕ್ಕಿಂತ ಮೊದಲು ಇದನ್ನು ಇಡಬೇಕು. ಇಡದಿದ್ದರೆ ರಕಾರ ಅರ್ಕಾವತ್ತಾಗಿ ಯಕಾರದ ನಂತರಕ್ಕೆ ಹೋಗುತ್ತದೆ, ‘ರ್ಯಾಲಿ’ ಎಂದಾಗುತ್ತದೆ. ರ‍್ಯಾಲಿಯ ಬ್ಯಾನರುಗಳಲ್ಲಿ ಈ ತಪ್ಪು ಎಷ್ಟು ಸಾಮಾನ್ಯವೆಂದರೆ, ದಪ್ಪ ಕುಂಚದಲ್ಲಿ ಇಪ್ಪತ್ತಡಿ ಉದ್ದಕ್ಕೆ ಮುದ್ರಣವಾದ ಮೇಲೆಯೇ ಅದು ಜನರ ಕಣ್ಣಿಗೆ ಬೀಳುವುದು. ವರ್ಡ್‌ನಲ್ಲಿ 200C ಅಥವಾ 200D ಎಂದು (ದಶಮಾನದ ಸಂಖ್ಯೆಯಲ್ಲ) ಇಂಗ್ಲಿಷ್ ಕೀಲಿಯಲ್ಲಿ ಹೊಡೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಚಿಹ್ನೆ ಬರುತ್ತದೆ, ಅಲ್ಲಿಂದ ನಕಲು ಮಾಡಿಕೊಳ್ಳಬಹುದು.

ಫಾಂಟ್ ಬದಲಿಸಿದರೂ ಅಕ್ಷರ ಬದಲಾಗುತ್ತಿಲ್ಲ, ಅಥವಾ ಒಂದೆರಡು ಅಕ್ಷರ ಮಾತ್ರ ತೆಳ್ಳಗಿವೆ

ಲಿಬ್ರೆಆಫೀಸ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿಗೆ ಸೇರಿಸುತ್ತದೆ. ಅಕ್ಷರದ ಸಂವಾದ ಪೆಟ್ಟಿಗೆಯಲ್ಲಿ ಲ್ಯಾಟಿನ್ ಲಿಪಿಗೆ ಒಂದು, ಈ ಗುಂಪಿಗೆ ಇನ್ನೊಂದು ಫಾಂಟ್ ಆರಿಸುವ ಜಾಗವಿದೆ. ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಬಿಟ್ಟರೆ ಕನ್ನಡ ಕದಲುವುದಿಲ್ಲ. ವರ್ಡ್‌ನ ಫಾಂಟ್ ಪೆಟ್ಟಿಗೆಯಲ್ಲೂ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಪ್ರತ್ಯೇಕ ಆಯ್ಕೆ ಇರುವುದನ್ನು ಗಮನಿಸಿ.

ಒಂದೆರಡು ಅಕ್ಷರ ಮಾತ್ರ ಬೇರೆಯಾಗಿ ಕಂಡರೆ ಅವು ಆ ಫಾಂಟಿನಲ್ಲೇ ಇಲ್ಲ. ವಿಂಡೋಸ್ ಆ ಜಾಗಕ್ಕೆ ನಿರ್ಮಲಾ ಅಥವಾ ತುಂಗಾ ಫಾಂಟಿನಿಂದ, ಮ್ಯಾಕ್ ಕನ್ನಡ ಸಂಗಮ್ ಫಾಂಟಿನಿಂದ ಅಕ್ಷರ ತಂದು ಕೂರಿಸುತ್ತದೆ. ಸಾಮಾನ್ಯವಾಗಿ ತಪ್ಪಿಹೋಗುವವು: 2010ರಲ್ಲಿ ಯೂನಿಕೋಡಿಗೆ ಸೇರಿದ ₹ ಚಿಹ್ನೆ, ಕನ್ನಡ ಅಂಕಿಗಳು, ‘ಫ಼’ ‘ಜ಼’ಗಳ ಕೆಳಗಿನ ನುಕ್ತೆ ಚುಕ್ಕಿಗಳು, ಹಳಗನ್ನಡದ ಱ ಮತ್ತು ೞ. ಬೆಲೆಪಟ್ಟಿ, ಹೋಟೆಲ್ ಮೆನು ಮಾಡುವವರು ಫಾಂಟ್ ಆರಿಸುವ ಮೊದಲೇ ₹ ಪರೀಕ್ಷಿಸಿಕೊಳ್ಳಬೇಕು. ಇಲ್ಲದಿದ್ದರೆ ‘ರೂ.’ ಎಂದು ಬರೆಯಿರಿ. ಕುಂಚದ ಬರಹಕ್ಕೆ ಅದೇ ಹೆಚ್ಚು ಒಪ್ಪುತ್ತದೆ.

ದಪ್ಪ ಫಾಂಟ್ ಇನ್ನೂ ದಪ್ಪವಾಗಿ ಹೊಟ್ಟೆ ಮುಚ್ಚಿಕೊಂಡಿದೆ

ಈ ಬಗೆಯ ಫಾಂಟುಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು, ಕಾರಣವೂ ಒಂದಲ್ಲ.

ಮೊದಲು ನಕಲಿ ಬೋಲ್ಡ್ ಪರೀಕ್ಷಿಸಿ. ಅನೇಕ ಕುಂಚದ ಫಾಂಟುಗಳಿಗೆ ಇರುವುದು ಒಂದೇ ತೂಕ, ಅಂದರೆ ದಪ್ಪದ ಒಂದೇ ಮಟ್ಟ. ನೋಡಲು ಎಷ್ಟೇ ದಪ್ಪವಿದ್ದರೂ ಕಡತದಲ್ಲಿ ಅದು ‘ರೆಗ್ಯುಲರ್’, ಅಂದರೆ 400 ಎಂದೇ ದಾಖಲಾಗಿರುತ್ತದೆ. ಅಕಾಯ ಕನಡಕ ಹಾಗೆ ಒಂದೇ ತೂಕದ್ದು. ಏಕ್ ಟೈಪ್ ಎಂಬ ಫಾಂಟ್ ಸಂಸ್ಥೆ ರೂಪಿಸಿದ ಮೊದಲ ಬಲೂ ತಮ್ಮ ಕೂಡ ಹಾಗೆಯೇ. ಅದನ್ನು ಕುಂಚದ ಫಾಂಟ್ ಎನ್ನುವುದಕ್ಕಿಂತ ದುಂಡುಮೈಯ ದಪ್ಪ ಫಾಂಟ್ ಎನ್ನಬೇಕು, ಆದರೆ ತೊಂದರೆಗಳು ಇವೇ. ಜಾಲತಾಣದ ಶೀರ್ಷಿಕೆಗೆ ಬ್ರೌಸರ್ ತಾನಾಗಿ ಬೋಲ್ಡ್ ಕೇಳುತ್ತದೆ. ಬೋಲ್ಡ್ ಕಡತ ಇಲ್ಲದ ಕಾರಣ ಇರುವ ಅಕ್ಷರಕ್ಕೇ ಸುತ್ತ ಮಸಿ ಬಳಿದು ದಪ್ಪ ಮಾಡುತ್ತದೆ. ಆಗ ‘ಕ್ಷ’, ‘ಷ್ಟ’, ‘ಘ’ಗಳ ಒಳಗಿನ ಬಯಲು ಮುಚ್ಚಿಹೋಗುತ್ತದೆ. ಸಿಎಸ್‌ಎಸ್‌ನಲ್ಲಿ ಶೀರ್ಷಿಕೆಯ ಫಾಂಟ್-ವೇಟ್ 400 ಎಂದು ಕೊಡಿ, ಫಾಂಟ್-ಸಿಂಥೆಸಿಸ್ ಎನ್ನುವುದಕ್ಕೆ ‘ನನ್’ ಕೊಡಿ. ವರ್ಡ್, ಫೋಟೋಶಾಪುಗಳಲ್ಲಿ ‘ಬಿ’ ಗುಂಡಿ, ‘ಫೋ ಬೋಲ್ಡ್’ ಗುರುತು ತೆಗೆಯಿರಿ.

ಇದರ ತಿರುವುಮುರುವೂ ನಡೆಯುತ್ತದೆ. ಬಲೂ ತಮ್ಮ 2ರಲ್ಲಿ 400ರಿಂದ 800ರವರೆಗೆ ಐದು ತೂಕಗಳಿವೆ. ಹಳೆಯ ವಿನ್ಯಾಸದಲ್ಲಿ ಬಲೂ ತಮ್ಮ ಇದ್ದ ಜಾಗಕ್ಕೆ ಇದನ್ನು ಹಾಕಿದರೆ ‘ರೆಗ್ಯುಲರ್’ ತೆಳ್ಳಗೆ ಕಂಡು ‘ಫಾಂಟ್ ಕೆಟ್ಟಿದೆ’ ಅನ್ನಿಸುತ್ತದೆ. 800ರ ‘ಎಕ್ಸ್‌ಟ್ರಾಬೋಲ್ಡ್’ ಆರಿಸಿದರೆ ಹಳೆಯದಕ್ಕೆ ಹತ್ತಿರದ ದಪ್ಪ ಬರುತ್ತದೆ. ತೂಕ ಬದಲಿಸಬಲ್ಲ ವೇರಿಯೆಬಲ್ ಕಡತವನ್ನು ಹಳೆಯ ತಂತ್ರಾಂಶ ಗುರುತಿಸದೆ 400 ಮಾತ್ರ ತೋರಿಸಬಹುದು. ಗೂಗಲ್ ಫಾಂಟ್ಸಿನಿಂದ ಇಳಿಸಿಕೊಂಡ ಜಿಪ್ ಒಳಗೆ ‘ಸ್ಟ್ಯಾಟಿಕ್’ ಎಂಬ ಕಡತಕೋಶವಿದ್ದರೆ ಅದರೊಳಗಿನ ಬಿಡಿ ಕಡತ ಹಾಕಿಕೊಳ್ಳಿ. ವೇರಿಯೆಬಲ್ ಮತ್ತು ಸ್ಟ್ಯಾಟಿಕ್ ಎರಡನ್ನೂ ಒಟ್ಟಿಗೆ ಅನುಸ್ಥಾಪಿಸಬೇಡಿ, ಹೆಸರುಗಳು ಡಿಕ್ಕಿ ಹೊಡೆದು ಯಾವುದು ಮುದ್ರಣಕ್ಕೆ ಹೋಗುತ್ತದೆಂದು ಹೇಳಲಾಗದು.

ನಕಲಿ ಬೋಲ್ಡ್ ಇಲ್ಲದೆಯೂ ಹೊಟ್ಟೆ ಮುಚ್ಚಿದರೆ ಗಾತ್ರ ಮತ್ತು ಶಾಯಿ ನೋಡಬೇಕು. ಕನ್ನಡದಲ್ಲಿ ಕೆಲವು ಅಕ್ಷರಗಳ ಗುರುತು ನಿಂತಿರುವುದೇ ಒಂದು ಸಣ್ಣ ಚುಕ್ಕೆ ಅಥವಾ ಗೀಟಿನ ಮೇಲೆ. ‘ರ’ದ ಹೊಟ್ಟೆಯಲ್ಲಿ ಚುಕ್ಕೆಯಿಟ್ಟರೆ ‘ಠ’. ‘ದ’ದ ಕೆಳಗೆ ಗೀಟೆಳೆದರೆ ‘ಧ’, ಅದರ ಹೊಟ್ಟೆಗೆ ಚುಕ್ಕೆ ಸೇರಿದರೆ ‘ಥ’. ‘ಪ’ಕ್ಕೆ ಕೆಳಗೆ ಗೀಟು ಬಂದರೆ ‘ಫ’, ಒಳಗೆ ಬಂದರೆ ‘ಷ’. ಕುಂಚದ ಗೆರೆ ದಪ್ಪವಾದಷ್ಟೂ ಈ ಚುಕ್ಕೆ, ಗೀಟುಗಳಿಗೆ ಉಳಿಯುವ ಜಾಗ ಕಿರಿದಾಗುತ್ತದೆ. ಚುಕ್ಕೆ ಗೋಡೆಗೆ ಅಂಟಿದರೆ ಅಕ್ಷರ ಕರಿ ಉಂಡೆಯಾಗುತ್ತದೆ, ಉದುರಿದರೆ ‘ಮಠ’ ‘ಮರ’ವಾಗುತ್ತದೆ. ‘ಧನ’ಲಕ್ಷ್ಮಿಯ ಗೀಟು ತುಂಬಿಕೊಂಡರೆ ಏನಾಗುತ್ತದೆಂದು ಅಂಗಡಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ಅಳತೆ ಹೀಗೆ ಮಾಡಿ. ಪಠ್ಯವನ್ನು ಆಕೃತಿಗೆ ಪರಿವರ್ತಿಸಿ, ಮುದ್ರಣದ ನಿಜ ಗಾತ್ರಕ್ಕೆ ತಂದು, ಅತಿ ಕಿರಿದಾದ ಸಂದಿಯನ್ನು ಅಳೆಯಿರಿ. ಹೆಚ್ಚಾಗಿ ಅದು ‘ಥ’ದ ಚುಕ್ಕೆಗೂ ಗೋಡೆಗೂ ನಡುವಿನದು, ಇಲ್ಲವೇ ಒತ್ತಿನ ಒಳಗಿನದು. ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟಿಗೆ ಈ ಸಂದಿ ಕನಿಷ್ಠ 0.5 ಮಿ.ಮೀ. ಇರಲಿ. ಕಪ್ಪು ಬಟ್ಟೆಯ ಮೇಲೆ ದಪ್ಪ ಬಿಳಿ ಶಾಯಿಯಾದರೆ 0.7 ಮಿ.ಮೀ., ಏಕೆಂದರೆ ಅಲ್ಲಿ ಬಳಸುವ 43 ಟಿ (ಸೆಂ.ಮೀ.ಗೆ 43 ಎಳೆಯ) ಜಾಲರಿ ಹೆಚ್ಚು ಶಾಯಿ ಬಿಡುತ್ತದೆ. ಸಣ್ಣ ವಿವರಕ್ಕೆ 77 ಟಿ ಜಾಲರಿ ಕೇಳಿ ಪಡೆಯಿರಿ. ಕಸೂತಿ ಯಂತ್ರಕ್ಕೆ ಸಂದಿಯೂ ಗೆರೆಯೂ 1 ಮಿ.ಮೀ.ಗಿಂತ ಕಡಿಮೆಯಾದರೆ ದಾರ ಮುಚ್ಚಿಬಿಡುತ್ತದೆ. ಕುಂಚದ ಗೆರೆ 8 ಮಿ.ಮೀ. ಮೀರಿದರೆ ಸ್ಯಾಟಿನ್ ಹೊಲಿಗೆ ಸಡಿಲಾಗಿ ಸಿಕ್ಕಿಕೊಳ್ಳುತ್ತದೆ, ಆಗ ತುಂಬು ಹೊಲಿಗೆ ಬೇಕು.

ಸಂದಿ ಸಾಲದಿದ್ದರೆ ದಾರಿ ಎರಡು. ಅಕ್ಷರ ದೊಡ್ಡದು ಮಾಡಿ, ಆಗದಿದ್ದರೆ ಆಕೃತಿಯಲ್ಲಿ ಆ ಚುಕ್ಕೆಯನ್ನಷ್ಟೇ ಶೇ 10–15ರಷ್ಟು ಕುಗ್ಗಿಸಿ, ಸುತ್ತಲ ಗೋಡೆಯ ಒಳ ಅಂಚನ್ನು ಕೈಯಿಂದ ಸರಿಸಿ. ಪೂರ್ತಿ ಅಕ್ಷರವನ್ನು ‘ಆಫ್‌ಸೆಟ್ ಪಾತ್’ನಿಂದ ತೆಳ್ಳಗೆ ಮಾಡುವುದು ಕೊನೆಯ ಉಪಾಯ, ಅದರಿಂದ ಕುಂಚದ ಚೂಪು ತುದಿಗಳು ಮೊಂಡಾಗುತ್ತವೆ. ಗಾಢ ಹಿನ್ನೆಲೆಯನ್ನು ಮುದ್ರಿಸಿ ಅಕ್ಷರದ ಜಾಗವನ್ನು ಬಿಳಿಯಾಗಿ ಬಿಡುವಾಗ ಶಾಯಿ ಅಕ್ಷರದೊಳಕ್ಕೆ ಹರಡುತ್ತದೆ, ಆಗ ತೊಂದರೆ ಬರುವುದು ಹೊಟ್ಟೆಗಲ್ಲ, ತೆಳು ಬಾಲಗಳಿಗೆ.

ಅಂಚುಗೆರೆ ಹಾಕಿದಾಗ ಮುಳ್ಳು, ಒಳಗೆರೆ

ಸಿನಿಮಾ ಶೀರ್ಷಿಕೆಯಂತೆ ಕುಂಚದ ಅಕ್ಷರಕ್ಕೆ ಹೊರಗೆ ಬಿಳಿ, ಅದರಾಚೆ ಕೆಂಪು ಅಂಚು ಹಾಕುವುದು ವಾಡಿಕೆ. ಅಂಚುಗೆರೆ ಸಾಮಾನ್ಯವಾಗಿ ಅರ್ಧ ಹೊರಗೆ, ಅರ್ಧ ಒಳಗೆ ಬೆಳೆಯುತ್ತದೆ. ಒಳಗಿನ ಅರ್ಧ ಅಕ್ಷರವನ್ನು ತಿನ್ನುತ್ತದೆ. ಕೋರೆಲ್‌ಡ್ರಾದಲ್ಲಿ ‘ಬಿಹೈಂಡ್ ಫಿಲ್’ ಗುರುತು ಹಾಕಿ. ಇಲ್ಲಸ್ಟ್ರೇಟರಿನಲ್ಲಿ ಅಪಿಯರೆನ್ಸ್ ಫಲಕದಲ್ಲಿ ಹೊಸ ಸ್ಟ್ರೋಕ್ ಸೇರಿಸಿ ಅದನ್ನು ‘ಕ್ಯಾರೆಕ್ಟರ್ಸ್’ ಸಾಲಿನ ಕೆಳಗೆ ಎಳೆಯಿರಿ. ಜಾಲತಾಣದಲ್ಲಿ ಪೇಂಟ್-ಆರ್ಡರ್ ಎನ್ನುವುದಕ್ಕೆ ಮೊದಲು ‘ಸ್ಟ್ರೋಕ್’, ನಂತರ ‘ಫಿಲ್’ ಕೊಡಿ. ವೇರಿಯೆಬಲ್ ಫಾಂಟಿನಲ್ಲಿ ಅಕ್ಷರದೊಳಗೆ ಅಡ್ಡಗೆರೆಗಳು ಕಾಣುವ ದೋಷವೂ ಇದರಿಂದಲೇ ಮಾಯವಾಗುತ್ತದೆ. ಅಂಥ ಫಾಂಟುಗಳಲ್ಲಿ ತುಂಡು ಆಕೃತಿಗಳು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ, ಅಂಚುಗೆರೆ ಪ್ರತಿ ತುಂಡನ್ನೂ ಸುತ್ತುತ್ತದೆ.

ಕುಂಚದ ಚೂಪು ತುದಿಯಿಂದ ಅಂಚುಗೆರೆ ಮುಳ್ಳಿನಂತೆ ಚಾಚಿದ್ದರೆ ಮೂಲೆಯ ಬಗೆ ‘ಮೈಟರ್’ ಇದೆ, ‘ರೌಂಡ್’ ಮಾಡಿ. ಸಣ್ಣ ಅಳತೆಯಲ್ಲಿ ಮಾಡಿದ ವಿನ್ಯಾಸವನ್ನು ಮುದ್ರಣದವರು ಹತ್ತುಪಟ್ಟು ಹಿಗ್ಗಿಸಿದಾಗ ಅಂಚು ದಾರದಷ್ಟಾದರೆ, ‘ಸ್ಕೇಲ್ ವಿತ್ ಆಬ್ಜೆಕ್ಟ್’ ಗುರುತು ಬಿಟ್ಟುಹೋಗಿದೆ. ಕಡತ ಕಳಿಸುವ ಮೊದಲು ಅಂಚುಗೆರೆಯನ್ನೂ ಆಕೃತಿಯಾಗಿ ಪರಿವರ್ತಿಸಿದರೆ ಈ ಚಿಂತೆಯೇ ಇಲ್ಲ.

ಸ್ಟಿಕ್ಕರ್ ಮತ್ತು ಬೋರ್ಡ್ ಕತ್ತರಿಸುವಾಗ

ಪ್ಲಾಟರ್, ಅಂದರೆ ಕತ್ತರಿಸುವ ಯಂತ್ರ, ಕಾಣುವುದು ಬಣ್ಣವನ್ನಲ್ಲ, ಗೆರೆಯನ್ನು. ‘ಕೊ’ ಬರೆದಾಗ ಏತ್ವ, ಕೊಂಬು, ಮೂಲಾಕ್ಷರ ಬೇರೆ ಬೇರೆ ತುಂಡುಗಳಾಗಿ ಒಂದರ ಮೇಲೊಂದು ಕೂತಿರಬಹುದು. ಪರದೆಯಲ್ಲಿ ಒಂದೇ ಅಕ್ಷರ, ಬ್ಲೇಡಿಗೆ ಮೂರು. ಆಕೃತಿಗೆ ಪರಿವರ್ತಿಸಿದ ಮೇಲೆ ಕೋರೆಲ್‌ಡ್ರಾದಲ್ಲಿ ವೆಲ್ಡ್, ಇಲ್ಲಸ್ಟ್ರೇಟರಿನಲ್ಲಿ ಪಾತ್‌ಫೈಂಡರಿನ ಯುನೈಟ್, ಇಂಕ್‌ಸ್ಕೇಪಿನಲ್ಲಿ ಯೂನಿಯನ್ ಕೊಡಲೇಬೇಕು. ನಂತರ ಬಣ್ಣ ತೆಗೆದು ಬರೀ ಗೆರೆಯ ನೋಟದಲ್ಲಿ ಒಮ್ಮೆ ನೋಡಿ. ಅಕ್ಷರದೊಳಗೆ ದಾಟುವ ಒಂದು ಗೆರೆಯೂ ಉಳಿದಿರಬಾರದು. ಬೆಸೆಯುವ ಬದಲು ‘ಕಂಬೈನ್’ ಕೊಟ್ಟರೆ ತುಂಡುಗಳು ಹಾಸಿಕೊಂಡ ಕಡೆ ಬಿಳಿ ಕಿಂಡಿ ಬೀಳುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಿರಲಿ.

ಅಕ್ರಿಲಿಕ್ ಅಥವಾ ಉಕ್ಕಿನ ಹಾಳೆಯಲ್ಲಿ ಕತ್ತರಿಸುವಾಗ ಇನ್ನೊಂದು ಲೆಕ್ಕ: ಎಷ್ಟು ತುಂಡು ಬಿಡಿಯಾಗಿ ಬೀಳುತ್ತವೆ? ‘ಅಣ್ಣಪ್ಪ’ ಮೂರಕ್ಷರದ ಹೆಸರು, ಒತ್ತುಗಳು ಮೂಲಾಕ್ಷರಕ್ಕೆ ತಾಗದ ಫಾಂಟಿನಲ್ಲಿ ಐದು ತುಂಡು. ಪ್ರತಿ ಒತ್ತನ್ನೂ ಬೇರೆಯಾಗಿ ಅಂಟಿಸಬೇಕು, ಕಾಲಾನಂತರ ಮೊದಲು ಉದುರುವುದೂ ಅದೇ. ಒತ್ತನ್ನು 2–3 ಮಿ.ಮೀ. ಮೇಲೆತ್ತಿ ಮೂಲಾಕ್ಷರಕ್ಕೆ ಬೆಸೆಯಿರಿ. ಕುಂಚದ ಬರಹದಲ್ಲಿ ಗೆರೆ ಗೆರೆಗೆ ತಾಗುವುದು ಸಹಜವಾದ್ದರಿಂದ ಅದು ಅಸಹ್ಯ ಕಾಣುವುದಿಲ್ಲ. ‘ಠ’, ‘ಥ’ಗಳ ಚುಕ್ಕೆಗೆ ಹಿಂದಿನಿಂದ ತೆಳು ಪಾರದರ್ಶಕ ಪಟ್ಟಿ ಕೊಡಿ. ಕೊರೆಯಚ್ಚು, ಅಂದರೆ ಸ್ಟೆನ್ಸಿಲ್ ಮಾಡುವಾಗ ಇದು ಉಲ್ಟಾ: ಮುಚ್ಚಿದ ಹೊಟ್ಟೆಗಳೇ ಕಳಚಿ ಬೀಳುತ್ತವೆ. ಪ್ರತಿ ಹೊಟ್ಟೆಗೂ 3–5 ಮಿ.ಮೀ. ಅಗಲದ ಎರಡು ಸೇತುವೆ ಬಿಡಿ. ಕುಂಚದ ಗೆರೆ ತಿರುವು ತೆಗೆದುಕೊಳ್ಳುವ ಕಡೆ ಬಿಟ್ಟರೆ ಕೂದಲಿನ ಸೀಳಿನಂತೆ ಕಂಡು ಒಪ್ಪುತ್ತದೆ.

ಒಣಕುಂಚದ ಒರಟು ಅಂಚಿರುವ ಫಾಂಟುಗಳನ್ನು ಪ್ಲಾಟರಿಗೆ ಕೊಡಲೇಬೇಡಿ. ಒಂದು ಅಕ್ಷರದಲ್ಲೇ ಸಾವಿರಾರು ಬಿಂದುಗಳಿರುತ್ತವೆ, ಬ್ಲೇಡು ನಡುಗುತ್ತದೆ, ಪುಡಿ ಚುಕ್ಕೆಗಳನ್ನು ಕಿತ್ತು ತೆಗೆಯಲಾಗದು. ಮುದ್ರಣಕ್ಕಾದರೂ ಅಂಥ ಅಕ್ಷರವನ್ನು ನಿಜ ಗಾತ್ರದಲ್ಲಿ 600 ಡಿಪಿಐ ಕಪ್ಪು-ಬಿಳಿ ಚಿತ್ರವಾಗಿಸಿ ಕೊಟ್ಟರೆ ಯಂತ್ರ ತಿಣುಕುವುದು ತಪ್ಪುತ್ತದೆ. ಫ್ಲೆಕ್ಸಿಗೆ ನಿಜ ಗಾತ್ರದಲ್ಲಿ 72ರಿಂದ 100 ಡಿಪಿಐ ಸಾಕು.

ಫ್ಲೆಕ್ಸಿನದೇ ಒಂದು ಸಣ್ಣ ತೊಡಕು: ಇಲ್ಲಸ್ಟ್ರೇಟರಿನ ಸಾಮಾನ್ಯ ಹಾಳೆಯ ಮಿತಿ 227 ಇಂಚು, 20 ಅಡಿ ಎಂದರೆ 240 ಇಂಚು. ಹತ್ತನೇ ಒಂದು ಅಳತೆಯಲ್ಲಿ ಮಾಡಿ, ಕಡತದ ಹೆಸರಿನಲ್ಲೇ ಅದನ್ನು ಬರೆಯಿರಿ. ಮುದ್ರಣಕ್ಕೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳೆಲ್ಲ ಆಕೃತಿಯಾಗಿರಲಿ, ಅವರ ಗಣಕದಲ್ಲಿ ನಿಮ್ಮ ಫಾಂಟ್ ಇರುತ್ತದೆಂದು ನಂಬಬೇಡಿ. ತಿದ್ದಬಹುದಾದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ.

ಗುಡಿಸಿನ ತಲೆ, ಒತ್ತಿನ ಬಾಲ ಕತ್ತರಿಸಿಹೋಗಿದೆ

ಲ್ಯಾಟಿನ್ ಅಕ್ಷರಕ್ಕೆ ಸಾಕಾಗುವ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ‘ಸ್ತ್ರೀ’ಯಲ್ಲಿ ಮೇಲೆ ಗುಡಿಸು, ಕೆಳಗೆ ಎರಡು ಒತ್ತು. ಜಾಲತಾಣದಲ್ಲಿ ಸಾಲೆತ್ತರ 1 ಅಥವಾ 1.1 ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತದೆ. 1.5ರಿಂದ ಶುರುಮಾಡಿ, ಒತ್ತು ಹೆಚ್ಚಿದ್ದರೆ 1.7ರವರೆಗೆ ಹೋಗಿ. ಪೆಟ್ಟಿಗೆಗೆ ಓವರ್‌ಫ್ಲೋ ‘ಹಿಡನ್’ ಇದ್ದರೆ, ಅಥವಾ ಅಕ್ಷರದೊಳಗೆ ಬಣ್ಣದ ಓಕುಳಿ (ಗ್ರೇಡಿಯೆಂಟ್) ತುಂಬಿದ್ದರೆ, ಬಾಲ ಕತ್ತರಿಸಿಹೋಗುತ್ತದೆ. ಕೆಳಗೆ 0.3 ಎಮ್ ಪ್ಯಾಡಿಂಗ್ ಕೊಡಿ. ಪೋಸ್ಟರಿನಲ್ಲಿ ಸಂಖ್ಯೆ ನಂಬುವುದಕ್ಕಿಂತ ಕಣ್ಣನ್ನು ನಂಬಿ: ಒತ್ತಿಲ್ಲದ ಸಾಲುಗಳನ್ನು ಹತ್ತಿರ ತನ್ನಿ, ಒತ್ತಿನ ಕೆಳಗೆ ಗುಡಿಸು ಬಾರದಂತೆ ಪದ ಒಡೆಯಿರಿ.

ಅಕ್ಷರಗಳ ನಡುವಿನ ಅಂತರವನ್ನು ಋಣಕ್ಕೆ ಇಳಿಸಿದರೆ ಒಂದು ಒತ್ತು ಪಕ್ಕದ ಒತ್ತಿನ ಮೇಲೆ ಏರುತ್ತದೆ. ಹೆಚ್ಚಿಸಿದರೆ ಕೆಲವು ತಂತ್ರಾಂಶಗಳು ಅಕ್ಷರಕ್ಕೂ ಅದರ ಒತ್ತಿಗೂ ನಡುವೆಯೇ ಜಾಗ ಬಿಡುತ್ತವೆ. ಕನ್ನಡದಲ್ಲಿ ಈ ಅಂಕಿಯನ್ನು ಸೊನ್ನೆಯಲ್ಲೇ ಬಿಡಿ. ಬಿಗಿ ಬೇಕಾದರೆ ಆಕೃತಿ ಮಾಡಿದ ಮೇಲೆ ಕೈಯಿಂದ ಸರಿಸಿ.

ಜಾಲತಾಣದಲ್ಲಿ ಮಾತ್ರ ಒತ್ತು ಒಡೆಯುವುದು

ನಿಮ್ಮ ಗಣಕದಲ್ಲಿ ಸರಿಯಿದ್ದು ತಾಣಕ್ಕೇರಿಸಿದ ಮೇಲೆ ಒಡೆದರೆ, ಫಾಂಟ್ ಕಡತ ಚಿಕ್ಕದು ಮಾಡುವಾಗ ಜೋಡಣೆಯ ಕೋಷ್ಟಕಗಳು ಕಿತ್ತುಹೋಗಿವೆ. ಉಪಕರಣದಲ್ಲಿ ಲೇಔಟ್ ಫೀಚರುಗಳನ್ನೆಲ್ಲ ಉಳಿಸುವ ಆಯ್ಕೆ ಕೊಡಿ. ಅಕ್ಷರಗಳ ವ್ಯಾಪ್ತಿಯಲ್ಲಿ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಕನ್ನಡದ ಜೊತೆಗೆ 200ಸಿ, 200ಡಿ, ಚುಕ್ಕೆವೃತ್ತದ 25ಸಿಸಿ, ರೂಪಾಯಿಯ 20ಬಿ9 ಸೇರಿಸಿ. ಮೊದಲ ಎರಡು ಬಿಟ್ಟುಹೋದರೆ ‘ರ‍್ಯಾಲಿ’ ಮತ್ತು ‘ರಾಜ್‌ಕುಮಾರ್’ ಮಾತ್ರ ಕೆಡಬಹುದು, ಉಳಿದದ್ದೆಲ್ಲ ಸರಿಯಾಗಿ ಕಾಣುವುದರಿಂದ ಕಾರಣ ಹೊಳೆಯುವುದು ತಡ.

ಇಂಗ್ಲಿಷ್ ಪಕ್ಕದಲ್ಲಿ ಕನ್ನಡ ಚಿಕ್ಕದಾಗಿ ಕಾಣುತ್ತದೆ

ಒಂದೇ ಪಾಯಿಂಟ್ ಗಾತ್ರ ಕೊಟ್ಟರೂ ಇಂಗ್ಲಿಷ್ ದೊಡ್ಡಕ್ಷರಗಳ ಮುಂದೆ ಕನ್ನಡದ ಮೂಲಾಕ್ಷರ ಗಿಡ್ಡ ಕಾಣುವುದು ಸಾಮಾನ್ಯ. ಒತ್ತು, ಗುಡಿಸುಗಳಿಗೆ ಜಾಗ ಬಿಡಲು ವಿನ್ಯಾಸಕರು ಅದನ್ನು ಕುಗ್ಗಿಸಿರುತ್ತಾರೆ. ಕನ್ನಡವನ್ನು ಶೇ 10ರಿಂದ 20ರಷ್ಟು ಹಿಗ್ಗಿಸಿ. ಕರ್ನಾಟಕದಲ್ಲಿ ಇದು ಬರೀ ಅಂದದ ಮಾತಲ್ಲ. 2024ರ ತಿದ್ದುಪಡಿಯ ನಂತರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕು, ಅದೂ ಫಲಕದ ಮೇಲರ್ಧದಲ್ಲಿ. ದೂರದಿಂದ ಓದಲು 10 ಅಡಿಗೆ 1 ಇಂಚಿನಂತೆ ಮೂಲಾಕ್ಷರದ ಎತ್ತರ ಲೆಕ್ಕ ಹಾಕಿ, ಒತ್ತು, ಗುಡಿಸು ಸೇರಿಸದೆ.

ಕೈಬರಹದಂತೆ ಕಾಣದೆ ಅಚ್ಚಿನಂತೆ ಕಾಣುವುದು

‘ಅಮ್ಮನ ಮನೆ’ ಎಂದು ಬರೆದಾಗ ಎರಡೂ ಮಕಾರ ಒಂದೇ ಅಚ್ಚಿನವಾದರೆ ಕುಂಚದ ಮೋಡಿ ಮುರಿಯುತ್ತದೆ. ಫಾಂಟಿನಲ್ಲಿ ಪರ್ಯಾಯ ರೂಪಗಳಿವೆಯೇ ಎಂದು ಗ್ಲಿಫ್ಸ್ ಫಲಕದಲ್ಲಿ ನೋಡಿ, ‘ಕಾಂಟೆಕ್ಸ್ಚುಯಲ್ ಆಲ್ಟರ್ನೇಟ್ಸ್’ ಆರಿದ್ದರೆ ಹೊತ್ತಿಸಿ. ಕನ್ನಡದಲ್ಲಿ ಅಂಥ ಫಾಂಟುಗಳು ಕಡಿಮೆ. ಇಲ್ಲದಿದ್ದರೆ ಆಕೃತಿ ಮಾಡಿ ಎರಡನೆಯ ಅಕ್ಷರವನ್ನು 1–2 ಡಿಗ್ರಿ ತಿರುಗಿಸಿ, ಶೇ 2–3 ಹಿಗ್ಗಿಸಿ, ತಲೆಕಟ್ಟಿನ ಬಾಲವನ್ನು ಸ್ವಲ್ಪ ಎಳೆಯಿರಿ. ತಲೆಕಟ್ಟು ಕನ್ನಡದ ಕುಂಚದ ಜೀವ. ಅದೊಂದನ್ನು ಬದಲಿಸಿದರೂ ಕಣ್ಣು ಎರಡು ಬೇರೆ ಅಕ್ಷರವೆಂದೇ ನಂಬುತ್ತದೆ.

ದೋಷ ಫಾಂಟಿನದೇ ಆದಾಗ

ಬ್ರೌಸರಿನಲ್ಲೂ ಕೆಟ್ಟರೆ ಈ ಮೂರು ಜಾಗ ನೋಡಿ. ‘ಪು’ ಮತ್ತು ‘ವು’: ಇವುಗಳ ಕೊಂಬು ಉಳಿದ ಅಕ್ಷರಗಳಂತೆ ಮೇಲೆ ಹತ್ತದೆ ಕೆಳಗಿನಿಂದ ಸೇರಬೇಕು, ಇಲ್ಲದಿದ್ದರೆ ‘ಪು’ ‘ಘ’ದ ಹಾಗೂ ‘ವು’ ‘ಮ’ದ ಹಾಗೂ ಕಾಣುತ್ತವೆ. ಇದಕ್ಕೆ ಪ್ರತ್ಯೇಕ ಆಕೃತಿ ಮಾಡದ ಫಾಂಟ್ ಹೆಸರು ಬರೆಯಲು ಯೋಗ್ಯವಲ್ಲ. ಎರಡನೆಯದು ಒತ್ತಿನ ತೂಕ: ಮೂಲಾಕ್ಷರವನ್ನೇ ಶೇ 60ಕ್ಕೆ ಕುಗ್ಗಿಸಿ ಒತ್ತು ಮಾಡಿದ್ದರೆ ಗೆರೆಯೂ ಶೇ 60ಕ್ಕೆ ಇಳಿದು, ದಪ್ಪ ಅಕ್ಷರದ ಕೆಳಗೆ ಬೇರೆ ಕುಂಚದಲ್ಲಿ ಬರೆದಂತಾಗುತ್ತದೆ. ಮೂರನೆಯದು ‘ಷ್ಟ್ರ’, ‘ಸ್ತ್ರ’ದಂಥ ಕಡೆ ಎರಡು ಒತ್ತುಗಳ ಡಿಕ್ಕಿ. ಒಂದೆರಡು ಪದವಾದರೆ ಆಕೃತಿಯಲ್ಲಿ ನೀವೇ ತಿದ್ದಬಹುದು. ಮುಕ್ತ ಪರವಾನಗಿಯ ಫಾಂಟಾದರೆ ತಯಾರಕರಿಗೆ ತಿಳಿಸಿ. ತಿಳಿಸುವಾಗ ಚಿತ್ರದ ಜೊತೆ ಆ ಪದವನ್ನು ಪಠ್ಯವಾಗಿಯೂ ಕೊಡಿ, ಫಾಂಟಿನ ಆವೃತ್ತಿ, ತಂತ್ರಾಂಶದ ಹೆಸರು ಮತ್ತು ಆವೃತ್ತಿ ಬರೆಯಿರಿ, ಬ್ರೌಸರಿನಲ್ಲಿ ಏನು ಕಂಡಿತೆಂದು ಸೇರಿಸಿ. ಬರೀ ಚಿತ್ರ ಕಳಿಸಿದರೆ ಒಳಗೆ 200ಸಿ ಇದೆಯೋ ಇಲ್ಲವೋ ಅವರಿಗೆ ಗೊತ್ತಾಗುವುದಿಲ್ಲ.